ಎಂಬತ್ನಾಲ್ಕು ರೂಪಾಯಿಯ ಸ್ನೋ

"ಸಾಹೇಬ್ರ, ಕೈ ತಗೀರಿ! ಆ ಗುಂಡಿ ಒತ್ತಿದ್ರ ಬರದಿದ್ದೆಲ್ಲಾ ಅಳಿಸಿ ಹೋಗ್ತೈತಿ ಅಂತ ನೀವ ಈಗ ಓದಿದ್ರಲ್ರಿ!"

ಅಲ್ಲಾಭಕ್ಷ ಕೂಗಿದ ರಭಸಕ್ಕೆ ಸಬ್ ಇನ್ಸ್‌ಪೆಕ್ಟರ್ ಪರಮೇಶಪ್ಪ ಕಾದ ಹಂಚು ಮುಟ್ಟಿದವನಂತೆ ಬೆರಳು ಹಿಂದೆಗೆದುಕೊಂಡ.

ಸವಣೂರಿನ ವೀಳ್ಯದೆಲೆ ವ್ಯಾಪಾರಿ ಅಲ್ಲಾಭಕ್ಷನ ವಖಾರಿಯಲ್ಲಿ ಆ ಬೆಳಿಗ್ಗೆ ಎಲೆಯ ವ್ಯಾಪಾರ ನಿಂತುಹೋಗಿತ್ತು. ಒದ್ದೆ ಗೋಣಿಚೀಲ ಹೊದ್ದ ಎಲೆಯ ಪೆಂಡಿಗಳನ್ನು ಗೋಡೆಗೆ ಒತ್ತರಿಸಿ, ನಡುವೆ ಮೇಜು ಹಾಕಿ, ಅದರ ಮೇಲೆ ಕಂಪ್ಯೂಟರ್ ಇಟ್ಟಿದ್ದರು. ಕಪ್ಪು ಗಾಜಿನ ಮೇಲೆ ಹಸಿರು ಅಕ್ಷರಗಳು ಮಿನುಗುತ್ತಿದ್ದವು. ಮಗ್ಗುಲಲ್ಲಿ ನೀಲಿ ರಟ್ಟಿನ ಒಂದು ದಪ್ಪ ಇಂಗ್ಲಿಷ್ ಗೈಡ್‌ಬುಕ್ಕು. ಅದರ ಮೇಲೆ ಪರಮೇಶಪ್ಪ ಹೈಸ್ಕೂಲ್ ಮಾಸ್ತರರಿಂದ ಕಡ ತಂದ ಡಿಕ್ಷನರಿ.

ಹಾನಗಲ್ಲಿನ ಹಿರಿಯ ವಕೀಲ ಶ್ರೀಪಾದರಾಯರು ಇಲಿಪಾಷಾಣ ಬೆರೆತ ಹಾಲು ಕುಡಿದು, ಇಂಥದೇ ಒಂದು ಕಂಪ್ಯೂಟರಿನ ಮುಂದೆ ಸತ್ತು ಬಿದ್ದಿದ್ದರು. ಹಾಲು ತಂದಿಟ್ಟ ಮನೆಗೆಲಸದ ಶಾರವ್ವನನ್ನು ಪರಮೇಶಪ್ಪನೇ ಹಿಡಿದು ಜೈಲಿಗೆ ಕಳಿಸಿದ್ದ. ಈಗ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಅದಕ್ಕೆ ಕಾರಣ ಅವನ ಜೇಬಿನಲ್ಲಿತ್ತು. ಅಂಚಿಗೆ ಸಾಲು ತೂತುಗಳಿದ್ದ ಉದ್ದನೆಯ ಕಾಗದ. ರಾಯರ ಕಂಪ್ಯೂಟರಿನಲ್ಲಿ ಇದ್ದದ್ದನ್ನು ಅವರ ಅಣ್ಣನ ಮಗ ಮಧ್ವೇಶ ಪೊಲೀಸರ ಎದುರಿಗೇ ಮುದ್ರಿಸಿ ಕೊಟ್ಟಿದ್ದ. ಮನೆಯ ಆದಾಯ, ಖರ್ಚು, ಉಳಿತಾಯವನ್ನೆಲ್ಲ ತಾನೇ ಕೂಡಿಸಿ ಕಳೆದು ತೋರಿಸುವ ಪ್ರೋಗ್ರಾಮು ಅದು. ಕಾಗದದ ತುಂಬ ನಾಲ್ಕು ನಾಲ್ಕು ಇಂಗ್ಲಿಷ್ ಅಕ್ಷರಗಳು. 'ಶಾರ್' ಎಂಬ ಅಕ್ಷರಗಳ ಮುಂದೆ ಬಾಡಿಗೆ, ನಾಲ್ಕುನೂರಾ ಐವತ್ತು. 'ಶಾರ್', ಬಟ್ಟೆ. 'ಶಾರ್', ಹಲ್ಲಿನ ವೈದ್ಯ. ಅದರ ಕೆಳಗೆ 'ಸ್ನೋ', ಎಂಬತ್ನಾಲ್ಕು.

ಇನ್ನೇನು ಬೇಕು? ಮುದುಕ ವಕೀಲ ಮನೆಗೆಲಸದವಳನ್ನು ಇಟ್ಟುಕೊಂಡಿದ್ದ, ಅವಳ ಮನೆ ಬಾಡಿಗೆ ಕಟ್ಟುತ್ತಿದ್ದ, ಸೀರೆ ಕೊಡಿಸುತ್ತಿದ್ದ, ಮುಖಕ್ಕೆ ಹಚ್ಚಿಕೊಳ್ಳಲು ಸ್ನೋ ಕೊಡಿಸುತ್ತಿದ್ದ. ಕೊಡುವುದು ನಿಂತಾಗ ಅವಳು ವಿಷ ಹಾಕಿದಳು. ಸರ್ಕಲ್ ಇನ್ಸ್‌ಪೆಕ್ಟರ್ ಸಾಹೇಬರು ಅಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು. ಮರುದಿನವೇ ಪೇಪರಿನಲ್ಲಿ ಅದು ಬಂತು.

ಪರಮೇಶಪ್ಪನಿಗೆ ಅಂಟಿಕೊಂಡದ್ದು ಆ ಸ್ನೋ. ಹಾನಗಲ್ಲಿನ ಸ್ಟೇಷನರಿ ಅಂಗಡಿಗಳನ್ನೆಲ್ಲ ಅವನು ಕೇಳಿ ಬಂದಿದ್ದ. ಎಂಥ ದೊಡ್ಡ ಬಾಟಲಿಯೂ ಹತ್ತು ರೂಪಾಯಿ ದಾಟುತ್ತಿರಲಿಲ್ಲ. ಸರ್ಕಲ್ ಸಾಹೇಬರಿಗೆ ಹೇಳಿದರೆ, "ಡಜನ್‌ಗಟ್ಟಲೆ ಕೊಂಡಿರಬೇಕು ಬಿಡು" ಎಂದು ನಕ್ಕಿದ್ದರು.

ನೆಲಕ್ಕೆ ಮಣ್ಣು ಸಾರಿಸಿದ ಶಾರವ್ವನ ಒಂಟಿ ಕೋಣೆಯನ್ನು ಅವನೇ ಶೋಧಿಸಿದ್ದ. ಅಲ್ಲಿ ಸ್ನೋ ಇರಲಿ, ಒಂದು ಕನ್ನಡಿಯೂ ಇರಲಿಲ್ಲ.

"ಮುಂದ ಓದ್ರಿ ಸಾಹೇಬ್ರ," ಎಂದ ಅಲ್ಲಾಭಕ್ಷ. "ಮಶೀನ್ ತಂದಾಗಿಂದ ನಾನೂ ಈ ಪುಸ್ತಕ ಬಿಚ್ಚಿ ನೋಡಿದ್ದಿಲ್ಲ. ಹುಬ್ಬಳ್ಳಿ ಹರಾಜಿನಾಗ ಎರಡು ಮಶೀನ್ ಇದ್ವು. ಒಂದು ವಕೀಲ್ರು ಹಿಡದ್ರು, ಒಂದು ನಾ ಹಿಡದೆ. ಹುಕಿಗೆ ಬಿದ್ದು ತಂದೆ, ಅರಿವಿ ಮುಚ್ಚಿ ಇಟ್ಟೆ."

"ಎರಡಕ್ಕೂ ಗೈಡ್‌ಬುಕ್ ಇತ್ತಾ?"

"ಇತ್ರೀ! ಒಂದಕ್ಕೊಂದು. ನೀಲಿ ರಟ್ಟು, ಇದರಂಗ."

ಪರಮೇಶಪ್ಪನ ಹುಬ್ಬು ಗಂಟಾಯಿತು. ರಾಯರ ಕಂಪ್ಯೂಟರಿನ ಜೊತೆ ಯಾವ ಪುಸ್ತಕವೂ ಬಂದಿರಲಿಲ್ಲ ಎಂದು ಮಧ್ವೇಶ ಹೇಳಿಕೆ ಬರೆದು ಸಹಿ ಹಾಕಿದ್ದ.

ಅವನು ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದ. ಒಂದನೆಯ ಪಾಠದಲ್ಲಿ ಫ್ಲಾಪಿ ಎಂಬ ಕರಿ ಬಿಲ್ಲೆಗಳನ್ನು ಯಾವ ಕಿಂಡಿಯಲ್ಲಿ ತೂರಿಸಬೇಕು ಎಂದಿತ್ತು. ಅದಕ್ಕೇ ಬಹಳ ಹೊತ್ತು ಹಿಡಿದಿತ್ತು. ಎರಡನೆಯ ಪಾಠವನ್ನು ಡಿಕ್ಷನರಿ ಹಿಡಿದು ಒಂದೊಂದೇ ಸಾಲು ಬಿಡಿಸಿದ. ನಿಮ್ಮ ಹಣ ಯಾರಿಗಾಗಿ, ಯಾತಕ್ಕಾಗಿ ಖರ್ಚಾಗುತ್ತದೋ ಅದಕ್ಕೆ ನಾಲ್ಕು ಅಕ್ಷರದ ಗುರುತು ಕೊಡಿ. ಮೊದಲು ನಿಮ್ಮ ಸ್ವಂತ ಲೆಕ್ಕ ಹಾಕಬೇಡಿ. ಕೈ ಪಳಗುವ ತನಕ ಕ್ಲಾರ್ಕ್ ಎಂಬವರ ಮನೆಯ ಖರ್ಚನ್ನು ಹಾಕಿ ಅಭ್ಯಾಸ ಮಾಡಿ.

ಮೂರನೆಯ ಪಾಠದ ಪುಟ ತಿರುವಿದಾಗ ಕ್ಲಾರ್ಕ್ ದಂಪತಿಯ ಚಿತ್ರ ಕಂಡಿತು. ಗಂಡ, ಹೆಂಡತಿ, ಪಕ್ಕದಲ್ಲಿ ಪುಸ್ತಕ ಹಿಡಿದು ನಗುತ್ತಿರುವ ಮಗಳು. ಮಗಳು ಬೇರೆ ಊರಿನ ಕಾಲೇಜಿನಲ್ಲಿ ಓದುತ್ತಾಳೆ. ಅವಳಿಗೊಂದು ಬಾಡಿಗೆ ಕೋಣೆ.

ಅವಳ ಹೆಸರು ಶಾರನ್.

ಪರಮೇಶಪ್ಪನ ಬೆರಳು ಆ ಹೆಸರಿನ ಮೇಲೆ ನಿಂತುಬಿಟ್ಟಿತು.

"ಏನಾತ್ರಿ?" ಎಂದು ಅಲ್ಲಾಭಕ್ಷ ಬಗ್ಗಿ ನೋಡಿದ.

ಪರಮೇಶಪ್ಪ ಕಂಪ್ಯೂಟರಿನ ಕಡೆ ತಿರುಗಿದ. ಪುಸ್ತಕ ಹೇಳಿದಂತೆ ಗುಂಡಿಗಳನ್ನು ಒಂದೊಂದಾಗಿ ಒತ್ತತೊಡಗಿದ. ಶಾರನ್, ಅಂದರೆ 'ಶಾರ್'. ಬಾಡಿಗೆ, ನಾಲ್ಕುನೂರಾ ಐವತ್ತು. 'ಶಾರ್', ಬಟ್ಟೆ. 'ಶಾರ್', ಹಲ್ಲಿನ ವೈದ್ಯ. ಹಸಿರು ಸಾಲುಗಳು ಒಂದರ ಕೆಳಗೊಂದು ಮೂಡಿದವು. ಜೇಬಿನ ಕಾಗದ ತೆಗೆದು ಪರದೆಯ ಪಕ್ಕಕ್ಕೆ ಹಿಡಿದ. ಒಂದು ಅಕ್ಷರ ಅತ್ತಿತ್ತ ಇರಲಿಲ್ಲ.

"ಅಲ್ಲಾಭಕ್ಷ, ಸ್ನೋ ಅಂದ್ರ ಏನಪ್ಪಾ?"

"ಮಾರಿಗೆ ಹಚ್ಚೋದಲ್ರೀ?"

"ಇಲ್ಲಿ ನೋಡು."

ಪುಟದ ಮೂಲೆಯಲ್ಲಿ ಚಿಕ್ಕದೊಂದು ಚಿತ್ರವಿತ್ತು. ಬೆಳ್ಳಗೆ ಮುಚ್ಚಿಹೋದ ಬೀದಿ. ಅದರಲ್ಲಿ ಸಿಕ್ಕಿಕೊಂಡ ಮೋಟಾರು. ಪಕ್ಕದಲ್ಲಿ ಗಾಲಿ ಹಿಡಿದು ನಿಂತ ಕ್ಲಾರ್ಕ್.

"ಬರ್ಫು!" ಎಂದ ಅಲ್ಲಾಭಕ್ಷ.

"ಬರ್ಫಿನ್ಯಾಗ ಗಾಡಿ ಓಡಾಕ ಬ್ಯಾರೆ ಟೈರು ಹಾಕತಾರಂತ. ಆ ಟೈರಿನ ರೊಕ್ಕ ಇದು." ಪರಮೇಶಪ್ಪನ ದನಿ ತೀರ ಸಣ್ಣಗಾಗಿತ್ತು. "ನಾವು ಅದನ್ನ ಶಾರವ್ವನ ಮಾರಿಗೆ ಬಳದ್ವಿ."

ಅಲ್ಲಾಭಕ್ಷ ಆ ಚಿತ್ರವನ್ನು ಇನ್ನೊಮ್ಮೆ ನೋಡಿದ. ಆಮೇಲೆ ಏನೋ ನೆನಪಾಗಿ ಹೇಳಿದ. "ವಕೀಲ್ರು ಇಲ್ಲಿಗೆ ಬಂದಿದ್ರು ಸಾಹೇಬ್ರ. ಸಾಯೋಕಿಂತ ಸ್ವಲ್ಪ ದಿನ ಮದಲ. ಬಸ್ಸಿಗೆ ಬಂದಿದ್ರು, ಬಗಲಾಗ ತಮ್ಮ ನೀಲಿ ಪುಸ್ತಕ. ಐದನೇ ಪಾಠ ನನ್ನ ಮಶೀನಿನಾಗ ಆಗವಲ್ದು, ನಿನ್ನ ಮಶೀನಿನಾಗ ಆಗ್ತೈತೇನು ನೋಡೂನು ಅಂದ್ರು. ಕುಂತು ಮಾಡಿದ್ರು. ಆದದ್ದಕ್ಕ ಸಣ್ಣ ಹುಡುಗ್ರಂಗ ಖುಷಿಯಾದ್ರು."

"ಆರನೇ ಪಾಠ?"

"ಅದನ್ನ ಊರಿಗೆ ಹೋಗಿ ಮಾಡ್ತೇನಿ ಅಂದ್ರು. ಯಾಕೋ ಅಷ್ಟಂದು ಮಾರಿ ಸಣ್ಣದು ಮಾಡಕೊಂಡ್ರು."

ಪರಮೇಶಪ್ಪ ಪುಟ ತಿರುವಿದ. ಆರನೆಯ ಪಾಠಕ್ಕೆ ದಪ್ಪ ಅಕ್ಷರದ ತಲೆಬರಹ. ಕ್ಲಾರ್ಕ್ ಮನೆಯವರನ್ನು ಈಗ ಅಳಿಸಿಹಾಕಿ. ನಿಮ್ಮ ಸ್ವಂತ ಮನೆಯ ನಿಜವಾದ ಲೆಕ್ಕವನ್ನು ಇಂದು ಶುರು ಮಾಡಿ.

ಜೇಬಿನ ಕಾಗದ ಐದನೆಯ ಪಾಠದ ಕಡೆಯ ಸಾಲಿಗೆ ನಿಂತಿತ್ತು.

ಅವನು ಗೈಡ್‌ಬುಕ್ಕನ್ನು ಪೇಪರಿನಲ್ಲಿ ಸುತ್ತಿಕೊಂಡು ಎದ್ದ. ಬಾಗಿಲಲ್ಲಿ ಕುಳಿತಿದ್ದ ಪೇದೆ ಯಲ್ಲಪ್ಪ ಓಡಿಹೋಗಿ ಜೀಪು ಚಾಲೂ ಮಾಡಿದ.

*

ಶಿಗ್ಗಾಂವಿಯಲ್ಲಿ ಜೀಪು ನಿಲ್ಲಿಸಿ ಪರಮೇಶಪ್ಪ ಅಂಚೆ ಕಚೇರಿಯಿಂದ ಸರ್ಕಲ್ ಸಾಹೇಬರಿಗೆ ಫೋನು ಹಚ್ಚಿದ. ತಂತಿಯಲ್ಲಿ ಗೊರಗೊರ ಸದ್ದು. ಅವನು ಹೇಳಿದ್ದನ್ನೆಲ್ಲ ಅವರು ಕೇಳಿದರು.

"ಪೇಪರ್‌ನಾಗ ಬಂದೈತಿ ಪರಮೇಶಪ್ಪ. ಎಸ್.ಪಿ. ಸಾಹೇಬ್ರು ಶಾಬಾಸ್ ಅಂದಾರ. ಈಗ ಬರ್ಫು, ಟೈರು ಅಂದ್ರ ನಮ್ಮ ಮಾರಿ ಎಲ್ಲಿ ಇಟಗೊಳ್ಳೂನು?"

"ಒಂದು ಹೆಣ್ಮಗಳ ಮಾರಿ ಐತಲ್ರೀ ಸರ್."

"ಹಾಲು ಇಟ್ಟಾಕಿ ಆಕೀನ ಹೌದಲ್ಲೋ? ಅದೇನು ಸುಳ್ಳಾಗೂದಿಲ್ಲಲ್ಲ. ನಾಳೆ ಕೋರ್ಟಿಗೆ ಹಾಜರಮಾಡು. ಪುಸ್ತಕ ಓದೋದು ಸಾಕು."

ಫೋನು ಇಟ್ಟ ಸದ್ದು ಕಿವಿಗೆ ಬಡಿಯಿತು.

ಹೊರಗೆ ಯಲ್ಲಪ್ಪ ಹಿರೇಬೆಂಡಿಗೇರಿಗೆ ಹೋಗುವ ದಾರಿಯ ಕಡೆ ನೋಡುತ್ತ ನಿಂತಿದ್ದ. ಅದು ಶಾರವ್ವನ ತವರೂರು. ಗಂಡ ಬಿಟ್ಟುಹೋದ ಮೇಲೆ ಕೂಸನ್ನು ತಾಯಿಯ ಮಡಿಲಿಗೆ ಹಾಕಿ ಅವಳು ಹಾನಗಲ್ಲಿಗೆ ದುಡಿಯಲು ಹೋದದ್ದು ಅಲ್ಲಿಂದಲೇ. ಈಗ ಆ ಕೂಸು ಮದುವೆಗೆ ಬಂದಿತ್ತು.

"ಯಲವಿಗಿ ಬೀಗರು ಬ್ಯಾಡಂದ್ರಂತ್ರಿ," ಎಂದ ಯಲ್ಲಪ್ಪ. "ತಾಯಿ ಹಿಂತಾಕಿ ಆದ ಮ್ಯಾಲೆ ಮಗಳನ್ನ ಹೆಂಗ ತರೂನು ಅಂದ್ರಂತ. ಆ ಹುಡುಗಿ, ಅನ್ನವ್ವ, ಬಾಗಲಾ ಹಾಕ್ಕೊಂಡು ಕುಂತೈತಂತ. ಉಣ್ಣವಲ್ದಂತ."

ಪರಮೇಶಪ್ಪ ಜೀಪು ಹತ್ತಿದ.

*

ರಾಯರ ಮನೆಯ ಪಡಸಾಲೆಯಲ್ಲಿ ಮಧ್ವೇಶ ಬಾಳೆಹಣ್ಣು ಸುಲಿಯುತ್ತ ಕುಳಿತಿದ್ದ. ಮೂವತ್ತು ದಾಟಿದ, ಮೈತುಂಬಿದ ಆಳು. ಹುಬ್ಬಳ್ಳಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದಿದ್ದ. ಹಿರೇಕೆರೂರು ಕಡೆ, ಹಂಸಭಾವಿಯಲ್ಲಿದ್ದ, ಮನೆತನದ್ದೆಂದು ಎಲ್ಲರೂ ತಿಳಿದಿದ್ದ ಹೊಲವನ್ನು ನೋಡಿಕೊಳ್ಳುವುದು ಅವನ ಕೆಲಸ. ಕಾಕಾ ಸತ್ತ ಮೇಲೆ ಈ ಮನೆಯಲ್ಲೇ ಠಿಕಾಣಿ ಹೂಡಿದ್ದ.

"ಮತ್ಯಾಕ ಬಂದ್ರಿ ಇನ್ಸ್‌ಪೆಕ್ಟರ್? ಕೇಸು ಮುಗೀತಲ್ಲ?"

"ಒಂದು ಪಾಠ ಓದೂದು ಉಳದೈತ್ರಿ."

"ಪಾಠ?"

ಕುಳಿತುಕೊಳ್ಳಿ ಎಂದು ಅವನು ಹೇಳಲಿಲ್ಲ. ಪರಮೇಶಪ್ಪ ತಾನೇ ಕುರ್ಚಿ ಎಳೆದು ಕುಳಿತ. ಆ ಮನೆಯಲ್ಲಿ ಈ ಮೊದಲೂ ಅವನು ಹಾಗೆಯೇ ಕುಳಿತಿದ್ದ. ಹಂಸಭಾವಿ ಪಕ್ಕದ ಊರಿನ ದಲಿತ ಬೌದ್ಧರ ಓಣಿಯಲ್ಲಿ ಬೆಳೆದವನಿಗೆ, ಕರೆಯದ ಕಡೆ ಕುಳಿತುಕೊಳ್ಳುವುದನ್ನು ಅವನ ಅಪ್ಪ ಬಹಳ ಕಷ್ಟಪಟ್ಟು ಕಲಿಸಿದ್ದ.

"ನಿಮ್ಮ ಕಾಕಾ ಆ ಪ್ರೋಗ್ರಾಮ್ ನಡಸೂದು ಹೆಂಗ ಕಲತ್ರು?"

"ಅವರು ಭಾಳ ಶಾಣ್ಯಾ. ತಾವ ತಿಳಕೊಂಡ್ರು."

"ಯಾವ ಪುಸ್ತಕಾನೂ ನೋಡದ?"

"ಇಲ್ಲ ಅಂತ ಬರದುಕೊಟ್ಟೀನಲ್ರಿ. ಎಷ್ಟು ಸರತೆ ಹೇಳಬೇಕು?"

ಪರಮೇಶಪ್ಪ ಕಂಕುಳಲ್ಲಿದ್ದ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಪೇಪರು ಬಿಡಿಸಿದ. ನೀಲಿ ರಟ್ಟು ಹೊರಗೆ ಬಂತು.

ಮಧ್ವೇಶನ ಕೈಯಲ್ಲಿದ್ದ ಹಣ್ಣು ತಟ್ಟೆಗೆ ಬಿತ್ತು.

"ಇದು... ಇದು ಎಲ್ಲಿ ಸಿಕ್ಕಿತು? ನಾ ಇದನ್ನ..."

ಮಾತು ಅಲ್ಲಿಗೆ ನಿಂತಿತು. ಆದರೆ ಹೊರಬಿದ್ದದ್ದು ಹೊರಬಿದ್ದಿತ್ತು.

"ನೀವು ಇದನ್ನ ಏನು ಮಾಡಿದ್ರಿ?" ಪರಮೇಶಪ್ಪ ಮೆಲ್ಲಗೆ ಕೇಳಿದ. "ಹೇಳ್ರಿ. ಸುಟ್ಟಿದ್ರಿ? ಹುಗದಿದ್ರಿ? ಅಂಜಬ್ಯಾಡ್ರಿ, ಇದು ನಿಮ್ಮದಲ್ಲ. ಸವಣೂರಿನ ಅಲ್ಲಾಭಕ್ಷಂದು."

ಮಧ್ವೇಶ ಎದ್ದು ನಿಂತ, ಮತ್ತೆ ಕುಳಿತ.

"ನಾ ಯಾವ ತಪ್ಪೂ ಮಾಡಿಲ್ಲ. ಕಂಪ್ಯೂಟರಿನಾಗ ಇದ್ದದ್ದನ್ನ ಪ್ರಿಂಟ್ ಮಾಡಿಕೊಟ್ಟೆ. ಅದು ಶಾರವ್ವನ ಹೆಸರು ಅಂತ ನಾ ಅಂದೆನೇನು? ನಿಮ್ಮ ಸರ್ಕಲ್ ಸಾಹೇಬ್ರೇ ಅಂದ್ರು."

"ನೀವು ಸುಮ್ನ ನಿಂತ್ರಿ."

"ಹೌದು, ಸುಮ್ನ ನಿಂತೆ. ಅದಕ್ಕ ಯಾವ ಕಲಂ ಅದ ಹೇಳ್ರಿ ನೋಡೂಣು."

"ಹುಬ್ಬಳ್ಯಾಗ ಕಂಪ್ಯೂಟರ್ ಕಲತಾವರು ನೀವು, ಶಾರನ್ ಅನ್ನೂ ಹುಡುಗೀನ್ನ ಈ ಪುಸ್ತಕದಾಗ ಓದೀರಿ. ಬರ್ಫಿನ ಟೈರೂ ಗೊತ್ತಿತ್ತು. ಗೊತ್ತಿದ್ದೂ ಪುಸ್ತಕ ಮುಚ್ಚಿಟ್ರಿ. ಮುಚ್ಚಿಟ್ಟು ಒಬ್ಬ ಹೆಣ್ಮಗಳ ಮಾನ ತಗದ್ರಿ. ಆಕಿ ಮಗಳ ಲಗ್ನ ಮುರೀತು. ಈಗ ಫಾಸಿ ಒಂದು ಉಳದೈತಿ."

"ಮಧ್ವ, ನೀಲಿ ಪುಸ್ತಕ ಇತ್ತಲ್ಲೋ?"

ದನಿ ಒಳಬಾಗಿಲಿನಿಂದ ಬಂತು. ರಾಯರ ತಂಗಿ ಯಮುನಾಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅರವತ್ತು ದಾಟಿದ ವಿಧವೆ. ಮಂಡಿನೋವಿನಿಂದ ಒಂದು ಕಡೆಗೆ ವಾಲಿ ನಡೆಯುತ್ತಿದ್ದರು. ಅಣ್ಣ ಸತ್ತಂದಿನಿಂದ ಪೊಲೀಸರ ಎದುರು ಬಂದವರೇ ಅಲ್ಲ.

"ಅತ್ಯಾ, ನೀವು ಒಳಗ ಹೋಗ್ರಿ."

"ಅಣ್ಣ ಊಟಕ್ಕ ಕೂತಾಗಲೂ ಅದನ್ನ ಮಗ್ಗಲದಾಗ ಇಟಗೊಂಡು ಓದತಿದ್ದ. ನಾ ಕಣ್ಣಾರೆ ನೋಡೀನಿ. ಅಣ್ಣ ಸತ್ತ ದಿನ ಮುಂಜಾನೆ ನೀ ಹಂಸಭಾವಿಯಿಂದ ಬಂದಿ, ಆ ಕೋಣಿಗೆ ಹೋದಿ. ಆಮ್ಯಾಲೆ ಪುಸ್ತಕ ಕಾಣಲಿಲ್ಲ. ಪೊಲೀಸರು ಒಯ್ದಿರಬೇಕು ಅಂತ ನಾ ಸುಮ್ನಾದೆ."

ಮಧ್ವೇಶ ತಲೆ ತಗ್ಗಿಸಿದ. ನೆಲ ನೋಡುತ್ತಲೇ ಹೇಳಿದ.

"ಆನಿಕೆರಿಗೆ ಒಗದೆ."

"ಯಾಕ?"

"ಅಂಜಿಕಿ ಬಂತು. ಕಾಕಾ ಸತ್ತಾರ, ವಿಷ ಅಂತಾರ. ಮದಲ ಯಾರ ಮ್ಯಾಲೆ ಬರ್ತದ? ಹೊಲದ ಪೀಕು ಮಾರಿ ರೊಕ್ಕಾ ತಂದು ಕೊಡಾಂವ ನಾನು. ಇಷ್ಟು ವರ್ಷ ತಂದದ್ದೆಷ್ಟು, ತಿಂದದ್ದೆಷ್ಟು ಅಂತ ಕೇಳ್ತಿದ್ರು. ಅಷ್ಟರಾಗ ನಿಮ್ಮ ಸಾಹೇಬ್ರು ಆ ಕಾಗದ ನೋಡಿ ಶಾರವ್ವ ಅಂದುಬಿಟ್ರು. ಅಂದ್ರ ಅನ್ಲಿ ಅಂತ..."

"ಅನ್ಲಿ ಅಂತ ಪುಸ್ತಕ ಕೆರಿಗೆ ಹಾಕಿದ್ರಿ."

"ವಿಷ ನಾ ಹಾಕಿಲ್ಲ!" ಮಧ್ವೇಶ ತಲೆಯೆತ್ತಿದ. ಕಣ್ಣು ಕೆಂಪಾಗಿದ್ದವು. "ಆ ರಾತ್ರಿ ನಾ ಹಂಸಭಾವ್ಯಾಗ ಇದ್ದೆ. ಸೊಸಾಯಿಟಿ ಮೀಟಿಂಗಿನಾಗ. ಇಡೀ ಊರು ನೋಡೇದ. ಬೇಕಾದ್ರ ಕೇಳ್ರಿ."

"ಕೇಳೇನಿ," ಎಂದ ಪರಮೇಶಪ್ಪ. "ಅದು ಖರೇ ಐತಿ."

ಅವನಿಗೆ ಬೇಸರವಾಗಿದ್ದೂ ಅದಕ್ಕೇ. ಎದುರಿಗಿದ್ದವನು ಕಳ್ಳ, ಹೇಡಿ, ಒಬ್ಬ ಬಡ ಹೆಂಗಸನ್ನು ಕುಣಿಕೆಗೆ ಕೊಟ್ಟು ಬಾಳೆಹಣ್ಣು ತಿನ್ನುವವನು. ಆದರೆ ಅವನ ಕೈ ಆ ಹಾಲಿನ ಹತ್ತಿರ ಬಂದಿರಲಿಲ್ಲ.

"ಬಾಯಾರ," ಪರಮೇಶಪ್ಪ ಯಮುನಾಬಾಯಿಯ ಕಡೆ ತಿರುಗಿದ. "ರಾಯರಿಗೆ ಈ ವಯಸ್ಸಿನಾಗ ಕಂಪ್ಯೂಟರಿನ ಉಸಾಬರಿ ಯಾಕ ಬೇಕಾಗಿತ್ತು?"

"ನನ್ನ ಸಲುವಾಗಿ," ಎಂದರು ಆಕೆ. ಕಣ್ಣೊರೆಸಿಕೊಂಡರು. "ಹಂಸಭಾವಿ ಹೊಲ ನಮ್ಮ ಮನೆತನದ್ದಲ್ಲ, ನನ್ನ ಗಂಡನ ಮನೀದು. ಅವರು ಹೋದ ಮ್ಯಾಲೆ ಅಣ್ಣನೇ ನೋಡಿಕೊಂಡ. ಅಲ್ಲೆ ಹೆಣ್ಣುಹುಡುಗ್ಯಾರಿಗೆ ಒಂದು ವಸತಿಗೃಹ ಕಟ್ಟಸಬೇಕು ಅಂತ ನನಗ ಆಶಾ. ಎಷ್ಟದ, ಏನದ, ಲೆಕ್ಕ ತೋರಸು ಅಂದೆ. ಕಂಪ್ಯೂಟರಿನಾಗ ಹಾಕಿ ತೋರಸ್ತೀನಿ, ಸ್ವಲ್ಪ ತಡಿ ಅಂದ. ದಿನಾ ಕೂತು ಕಲತ. ದೇವರಂಥಾಂವ."

ಮಧ್ವೇಶ ಏನೋ ಹೇಳಲು ಬಾಯಿ ತೆರೆದು, ಅತ್ತೆಯ ಮುಖ ನೋಡಿ ಮುಚ್ಚಿಕೊಂಡ. ಪರಮೇಶಪ್ಪ ಅದನ್ನು ಗಮನಿಸಿದ.

"ಯಲ್ಲಪ್ಪ, ಇವರನ್ನ ಠಾಣೆಗೆ ಕರಕೊಂಡು ನಡಿ. ಪುಸ್ತಕ ಕೆರಿಗೆ ಹಾಕಿದ್ದನ್ನ ಬರಸಿಕೋ. ಸಹಿ ತಗೋ."

"ನಿಂದ್ರಪ್ಪಾ," ಎಂದರು ಯಮುನಾಬಾಯಿ. "ನೀ ಶಾರವ್ವನ ಕಡೆ ಹೊಂಟೀಯಲ್ಲ? ನಾನೂ ಬರ್ತೀನಿ. ಆಕೀನ್ನ ನಾನೂ ಬೈದೀನಿ. ಮುಂಜಾನೆ ಎದ್ದು ಆಕಿಗೆ ಶಾಪಾ ಹಾಕೀನಿ. ಆಕಿ ಕಾಲು ಹಿಡಕೊಳ್ಳಬೇಕು ನಾನು."

ಕೈಗೆ ಕೋಲು ತೆಗೆದುಕೊಂಡು, ಆ ಮುದುಕಿ ಅಂಗಳ ಇಳಿದೇಬಿಟ್ಟರು.

*

ಸಬ್‌ಜೈಲಿನ ಗೋಡೆಯ ನೆರಳಲ್ಲಿ ಶಾರವ್ವನ ತಾಯಿ ಉಡಚವ್ವ ಕುಳಿತಿದ್ದಳು. ಮಗಳನ್ನು ಒಳಗೆ ಹಾಕಿದಂದಿನಿಂದ ಅವಳ ಜಾಗ ಅದೇ. ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದಳು. ಪರಮೇಶಪ್ಪನನ್ನು ಕಂಡು ಅವಳು ಎದ್ದು ನಿಲ್ಲಲಿಲ್ಲ, ಮುಖ ತಿರುಗಿಸಿದಳು. ಯಮುನಾಬಾಯಿ ಹೋಗಿ ಅವಳ ಪಕ್ಕದಲ್ಲಿ, ಅದೇ ಮಣ್ಣಿನಲ್ಲಿ ಕುಳಿತರು.

ಒಳಗೆ ಕಾವಲಿನ ಚೌಡವ್ವ ಬೀಗ ತೆಗೆದಳು.

ಶಾರವ್ವ ಗೋಡೆಗೆ ಒರಗಿ ಕುಳಿತಿದ್ದಳು. ನಲವತ್ತು ಆಗಿರದಿದ್ದರೂ ಈ ಕೆಲವು ದಿನಗಳಲ್ಲಿ ಮುದುಕಿಯಾಗಿದ್ದಳು. ತಟ್ಟೆಯಲ್ಲಿ ರೊಟ್ಟಿ ಹಾಗೆಯೇ ಒಣಗಿತ್ತು.

ಪರಮೇಶಪ್ಪ ಅವಳೆದುರು ನೆಲದ ಮೇಲೆ ಕುಳಿತ.

"ಶಾರವ್ವ, ಆ ಕಾಗದದಾಗ ಇದ್ದದ್ದು ನಿನ್ನ ಹೆಸರಲ್ಲ. ಅದು ಅಮೇರಿಕಾದ ಯಾವುದೋ ಹುಡುಗೀದು. ಪುಸ್ತಕದಾಗಿನ ಹುಡುಗಿ. ರಾಯರು ಕಲಿಯಾಕ ಅಂತ ಅದನ್ನ ನೋಡಿ ಬರದಿದ್ರು. ನಾ ತಪ್ಪು ಮಾಡಿದೆ. ನಾಳೆ ಕೋರ್ಟಿನಾಗ ನಾನ ಹೇಳ್ತೇನಿ. ನಿನ್ನ ಬಿಡಸ್ತೇನಿ."

ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಎರಡನ್ನೂ ಮಾಡಲಿಲ್ಲ.

"ನನ್ನ ಮಗಳಿಗೆ ಗೊತ್ತಾಗತೈತೇನ್ರಿ ಇದು?"

"ನಾನ ಹಿರೇಬೆಂಡಿಗೇರಿಗೆ ಹೋಗಿ ಹೇಳ್ತೇನಿ. ಯಲವಿಗಿಗೂ ಹೋಗ್ತೇನಿ."

"ಅಷ್ಟು ಮಾಡ್ರಿ. ನನ್ನ ಬಿಡಸೂದು ಬ್ಯಾಡ."

"ಏನಂದಿ?"

"ನನ್ನ ಹೆಸರು ಇಲ್ಲ ಖರೇ. ಆದ್ರ ಹಾಲು ನಾನ ಇಟ್ಟೇನಲ್ರಿ. ನನ್ನ ಕೈಲೇನ ಸತ್ರು."

ಪರಮೇಶಪ್ಪ ಮುಂದಕ್ಕೆ ಬಾಗಿದ. "ವಿಷ ಐತಿ ಅಂತ ನಿನಗ ಗೊತ್ತಿತ್ತೇನು?"

"ಇಲ್ರಿ. ದೇವರಾಣಿ ಇಲ್ಲ."

"ಮತ್ತ? ಶಾರವ್ವ, ಅವತ್ತು ನಡದದ್ದನ್ನ ಒಮ್ಮೆನೂ ನೀ ಬಾಯಿಬಿಟ್ಟು ಹೇಳಿಲ್ಲ. ನಾನೂ ಕೇಳೂವಂಗ ಕೇಳಿಲ್ಲ. ಈಗ ಕೇಳಾಕತ್ತೇನಿ. ಆ ಹಾಲು ಎಲ್ಲಿಂದ ಬಂತು?"

ಶಾರವ್ವ ಬಾಗಿಲಿನ ಕಡೆ ನೋಡಿದಳು. ಚೌಡವ್ವ ದೂರ ಹೋಗಿದ್ದಳು. ಆದರೂ ಅವಳ ದನಿ ಇಳಿಯಿತು.

"ಆ ಹಾಲು ರಾಯರಿಗಂತ ಅಲ್ರಿ."

"ಯಾರಿಗಂತ?"

"ಅಮ್ಮಾರಿಗೆ. ಮಂಡಿಬ್ಯಾನಿ ಗುಳಿಗಿ ಜೋಡಿ ದಿನಾ ರಾತ್ರಿ ಅಮ್ಮಾರಿಗೆ ಹಾಲು ನಾನ ಒಯ್ದು ಕೊಡ್ತಿದ್ದೆ. ಹಾಲಿಗೆ ಮಡಿ ಅಂತಿರಲಿಲ್ಲ ಅವರು. ಅವತ್ತು ನಾ ಕಾಸಲಿಲ್ಲ. ಕಾಸಿದ ಹಾಲು ನನ್ನ ಕೈಗೆ ಬಂತು. ಒಯ್ದು ಯಮುನಾಗ ಕೊಡು ಅಂತ ಹೇಳಿದ್ರು. ನಾ ತಗೊಂಡು ಹೋದೆ. ಅಮ್ಮಾರು ದೇವರ ಕೋಣಿ ಬಾಗಲಾ ಮುಂದ ಮಾಡಿಕೊಂಡು ಜಪಕ್ಕ ಕುಂತಿದ್ರು. ಅವತ್ತ ಮುಂಜಾನೆ ಹೇಳಿದ್ರು ನನಗ, ಇವತ್ತಿನಿಂದ ಒಂದು ತಿಂಗಳು 'ಕ್ಷೀರವ್ರತ, ಹಾಲು ಮುಟ್ಟೂದಿಲ್ಲ' ಅಂತ. ಕೈಯಾಗ ಹಾಲು ಹಿಡದ ಮ್ಯಾಲೆ ನನಗ ನೆನಪಾತು. ಅವರನ್ನ ಎಬ್ಬಸಲಿಲ್ಲ. ಹೊಳ್ಳಿ ಬಂದೆ. ಚೆಲ್ಲೂದ್ಯಾಕ ಅಂತ ರಾಯರ ಬಗಲಾಗ ಇಟ್ಟೆ. ಮಶೀನಿನ ಮುಂದ ಕುಂತಾಗ ಮಾತಾಡ್ಸಿದ್ರ ಸಿಟ್ಟಿಗೇಳತಿದ್ರು. ಸುಮ್ನ ಇಟ್ಟು ನೆಲಾ ಒರಸಾಕತ್ತಿದ್ದೆ. ಅವರು ಆ ಹಸರು ಅಕ್ಷರ ನೋಡಕೋತ ಎತ್ತಿ ಕುಡದ್ರು."

ಪರಮೇಶಪ್ಪ ಮುಂದೆ ಹೇಳು ಎಂಬಂತೆ ತಲೆಯಾಡಿಸಿದ.

"ಕುಡದು ಕೆಳಗ ಇಟ್ಟ ಮ್ಯಾಲೆ ಲೋಟಾ ನೋಡಿದ್ರು. ಅಮ್ಮಾರ ಬೆಳ್ಳಿ ಲೋಟಾ ಅದು. ಹಂಗ ನೋಡಿದ್ರು, ನೋಡಿದ್ರು. 'ಶಾರವ್ವ, ಇದು ಯಾರ ಹಾಲು' ಅಂದ್ರು. ಅಮ್ಮಾರದ್ರಿ, ಅವರು ಹಾಲು ಬಿಟ್ಟಾರ ಅಂದೆ. ಮಾರಿ ಬೂದಿ ಆತು. ಡಾಕ್ಟರ್ನ ಕರೀಲೇನ್ರಿ, ಮೈ ಸುಮಾರೈತೇನ್ರಿ ಅಂದೆ. ಬ್ಯಾಡಂದ್ರು. 'ನೀ ಮನಿಗೆ ಹೋಗು. ಬಾಗಲಾ ಮುಂದ ಮಾಡು. ಯಮುನಾಗ ಮಾತ್ರ ಏನೂ ಹೇಳಬ್ಯಾಡ' ಅಂದ್ರು. ನನ್ನ ಮುಂದ ಕೈ ಮುಗದ್ರು ಸಾಹೇಬ್ರ. ಅಂಥಾ ದೊಡ್ಡ ಮನಿಶ್ಯಾ. ನನಗೇನೂ ತಿಳೀಲಿಲ್ಲ. ಮುಂಜಾನೆ ಹೆಣಾ ನೋಡಿದಾಗ ತಿಳೀತು."

"ಶಾರವ್ವ." ಅವನು ಅವಳ ಮುಖವನ್ನೇ ನೋಡಿದ. "ಆ ಹಾಲು ಕಾಸಿ, ಬೆಳ್ಳಿ ಲೋಟಕ್ಕ ಹಾಕಿ, ನಿನ್ನ ಕೈಯಾಗ ಕೊಟ್ಟವರು ಯಾರು?"

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

"ರಾಯರೇ ಕಾಸಿದ್ರು," ಎಂದಳು. "ಏಲಕ್ಕಿ ಹಾಕಿ, ಸಕ್ರಿ ಹಾಕಿ, ತಾವ ಕದಡಿ ಕೊಟ್ರು. ಅಮ್ಮಾರಿಗೆ ಹೇಳಬ್ಯಾಡ್ರಿ. ಅಣ್ಣ ಅಂದ್ರ ಅವರಿಗೆ ದೇವರು. ಅದಕ್ಕ ನಾ ಇಲ್ಲೇ ಇರ್ತೇನಿ."

ಪರಮೇಶಪ್ಪ ಎದ್ದು ಹೊರಗೆ ಬಂದ. ಬಿಸಿಲು ಕಣ್ಣಿಗೆ ಹೊಡೆಯಿತು. ತಂಗಿಯ ಹೊಲದ ದುಡ್ಡು ತಿಂದಿದ್ದ ರಾಯರಿಗೆ ಆರನೆಯ ಪಾಠದ ನಿಜವಾದ ಲೆಕ್ಕ ತೋರಿಸುವುದಕ್ಕಿಂತ, ಲೆಕ್ಕ ಕೇಳುವ ತಂಗಿಯೇ ಇಲ್ಲವಾಗುವುದು ಸುಲಭವೆನಿಸಿತ್ತು. ಸತ್ತವನೇ ವಿಷವಿಟ್ಟವನು ಎಂದು ನಾಳೆ ಕೋರ್ಟಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಹೇಳದಿದ್ದರೆ ಶಾರವ್ವ ಉಳಿಯುತ್ತಾಳೆಯೇ?

ಗೋಡೆಯ ನೆರಳಿನಿಂದ ಯಮುನಾಬಾಯಿ ಕೋಲೂರಿಕೊಂಡು ಎದ್ದು ಬಂದರು. ಹುಟ್ಟಿದಾಗಿನಿಂದ ಮಡಿ ಬಿಡದ ಆ ಹೆಂಗಸು ಅವನ ಖಾಕಿ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಆಕಿ ಏನೋ ಹೇಳ್ಯಾಳ. ನಿನ್ನ ಮಾರಿ ನೋಡಿದ್ರ ಗೊತ್ತಾಗ್ತದ. ಅಣ್ಣನ ಜೀವಾ ತಗದವರು ಯಾರಪ್ಪಾ? ನನ್ನ ಮುಂದ ಹೇಳು. ಹೇಳದ ನಿನ್ನ ಇಲ್ಲಿಂದ ಬಿಡೂದಿಲ್ಲ ನಾನು."